ಇಬ್ಬರಲ್ಲಿ ಯಾರ ಶಾಟ್ ಸುಧಾರಿಸುತ್ತದೆ?

ನಾಗಪಾಡಾದಲ್ಲಿ ಬಾಸ್ಕೆಟ್‌ಬಾಲ್ ಟೀಮಿಗೆ ಹುಡುಗರನ್ನು ಆರಿಸುವ ಮುಂಬೈ ಕನ್ನಡಿಗರಿಗೆ ಇದು. ಒಬ್ಬ ದೂರದಿಂದ ಸಲೀಸಾಗಿ ಹಾಕುತ್ತಾನೆ, ಆದರೆ ಚೆಂಡನ್ನು ತಲೆಯ ಎಡಗಡೆಯಿಂದ ಎಳೆದು ತರುತ್ತಾನೆ. ಇನ್ನೊಬ್ಬನ ಮೊಣಕೈ ನೇರ, ಗುರಿ ಮಾತ್ರ ತಪ್ಪುತ್ತದೆ.

ಫ್ರೀ ಥ್ರೋ, ಅಂದರೆ ಫೌಲ್ ಆದಾಗ ಸಿಗುವ ಎಸೆತ, ನೋಡಿ. ಅಲ್ಲಿ ಯಾರೂ ಅಡ್ಡ ಬರಲ್ಲ, ಕೈಯ ಗುಣವಷ್ಟೇ ಕಾಣುತ್ತದೆ. 2017ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಗೆ ಬಂದ ಲಾನ್ಜೊ ಬಾಲ್ ಕಾಲೇಜಿನಲ್ಲಿ ತ್ರೀ ಪಾಯಿಂಟರ್ (ದೂರದಿಂದ ಹಾಕುವ ಮೂರು ಅಂಕದ ಶಾಟ್) ಶೇ. 41 ಹಾಕಿದ್ದ, ಫ್ರೀ ಥ್ರೋ ಬರೀ ಶೇ. 67. ಮೊದಲ ಸೀಸನ್ನಿನಲ್ಲೇ ತ್ರೀ ಶೇ. 30ಕ್ಕೆ ಇಳಿಯಿತು. 2011ರಲ್ಲಿ ಬಂದ ಕವಾಯ್ ಲೆನಾರ್ಡ್ ಉಲ್ಟಾ: ಕಾಲೇಜಿನ ಕೊನೆಯ ವರ್ಷ ತ್ರೀ ಶೇ. 29, ಫ್ರೀ ಥ್ರೋ ಶೇ. 76. ಅವನ ಎನ್‌ಬಿಎ ತಂಡ ಸ್ಪರ್ಸ್‌ನ ಶೂಟಿಂಗ್ ಕೋಚ್ ಚಿಪ್ ಎಂಗಲ್ಯಾಂಡ್ ಚೆಂಡು ಬಿಡುವ ರೀತಿ ತಿದ್ದಿದರು, ಮೊದಲ ಸೀಸನ್ನಿನಲ್ಲೇ ತ್ರೀ ಶೇ. 37 ದಾಟಿತು.

ಎರಡೇ ಉದಾಹರಣೆಯಿಂದ ನಿಯಮ ಆಗಲ್ಲ, ಅಲ್ವಾ? ಆದರೂ ಫ್ರೀ ಥ್ರೋ ಚೆನ್ನಾಗಿದ್ದರೆ ನಾನು ಎರಡನೆಯವನನ್ನೇ ತಗೊಳ್ಳುತ್ತೇನೆ. ಮುಂದಿನ ವಾರವೇ ಟೂರ್ನಮೆಂಟ್ ಇದ್ದರೆ ಮಾತ್ರ ಮೊದಲನೆಯವನು.