ಶಿವಮೊಗ್ಗದ ಕಡೆಗೆ ಓದಲು ಬರುವವರು ಮೂಲ ಅಂಕಪಟ್ಟಿ ಒಪ್ಪಿಸುವ ಮುನ್ನ

ಪಿಯುಸಿ ಮುಗಿಸಿ, ಪದವಿ ಓದಲು ಬಯಲುಸೀಮೆಯಿಂದ ಮಲೆನಾಡಿಗೆ ಬರಲು ಯೋಚಿಸುತ್ತಿರುವವರಿಗೆ ಮತ್ತು ಅವರ ಪೋಷಕರಿಗೆ ಇದನ್ನು ಬರೆಯುತ್ತಿದ್ದೇನೆ. ನಾನು ಚಳ್ಳಕೆರೆ ತಾಲ್ಲೂಕಿನವಳು. ಶಿವಮೊಗ್ಗ ಜಿಲ್ಲೆಯ ಒಂದು ಖಾಸಗಿ ಕಾಲೇಜಿಗೆ ಸೇರಿ, ಅದರದೇ ಹಾಸ್ಟೆಲಿನಲ್ಲಿದ್ದೆ. ಕಾಲೇಜಿನ ಹೆಸರನ್ನು ಹೇಳುತ್ತಿಲ್ಲ. ಅಲ್ಲಿ ಓದುತ್ತಿರುವ ನನ್ನ ಗೆಳತಿಯರ ದಾಖಲೆಗಳು ಈಗಲೂ ಆ ಕಚೇರಿಯ ಬೀರುವಿನಲ್ಲಿವೆ. ಅಲ್ಲಿ ವಾಸ ಕಷ್ಟವಾಗುವ ಕಾಲ ಬರುವುದಕ್ಕೆ ಮೊದಲೇ ಬಿಟ್ಟುಹೋಗುವ ದಾರಿಯನ್ನು ಮುಚ್ಚಿರುತ್ತಾರೆ ಎಂಬುದಷ್ಟೇ ನಾನು ಹೇಳಬೇಕಾದದ್ದು.

ಮೇ ತಿಂಗಳಿನಲ್ಲಿ ನಮಗೆ ತೋರಿಸಿದ ಕೋಣೆ ಚೊಕ್ಕಟವಾಗಿತ್ತು, ಗೋಡೆಗೆ ಆಗಷ್ಟೇ ಸುಣ್ಣ ಬಳಿದಿದ್ದರು. ದಿನವಿಡೀ ಸೋಲಾರ್ ಬಿಸಿನೀರು ಬರುತ್ತದೆ ಎಂದರು. ವರ್ಷದ ಹಾಸ್ಟೆಲ್ ಶುಲ್ಕವನ್ನು ಒಂದೇ ಕಂತಿನಲ್ಲಿ ಕಟ್ಟಿಸಿಕೊಂಡು, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿಗಳು, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೂಲ ಪ್ರತಿಗಳನ್ನು ಪರಿಶೀಲನೆಗೆಂದು ತೆಗೆದುಕೊಂಡರು. ಸ್ವೀಕೃತಿ ಪತ್ರ ಕೇಳಿದ ನಮ್ಮ ತಂದೆಯವರಿಗೆ ಗುಮಾಸ್ತರು, "ಯಜಮಾನ್ರೇ, ನಮ್ಮ ಹತ್ರ ಇದ್ರೆ ಬ್ಯಾಂಕ್ ಲಾಕರಿನಲ್ಲಿ ಇಟ್ಟ ಹಾಗೆ" ಎಂದು ನಕ್ಕರು. ಸ್ವೀಕೃತಿ ಮಾತ್ರ ಕೊಡಲಿಲ್ಲ.

ಜೂನ್ ಎರಡನೆಯ ವಾರದಿಂದ ಮಳೆ ಹಿಡಿಯಿತು. ನಮ್ಮ ಊರಿನಲ್ಲಿ ಮಳೆಯೆಂದರೆ ಒಂದು ಸಂಜೆಯ ಮಾತು. ಇಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಗೆ ಹೋದಷ್ಟೂ ಅದು ವಾರಗಟ್ಟಲೆ ಬಿಡುವುದಿಲ್ಲ. ನಾನು ಮಳೆಯನ್ನು ದೂರುತ್ತಿಲ್ಲ. ಅದೇ ಊರಿನ ಸಹಪಾಠಿಗಳು ಮಳೆಗೆ ತಕ್ಕಂತೆ ಕಟ್ಟಿದ ಮನೆಗಳಲ್ಲಿ ಬೆಚ್ಚಗಿದ್ದರು: ಆರ್‌ಸಿಸಿ ಮಾಳಿಗೆಯ ಮೇಲೆ ಮತ್ತೊಂದು ಶೀಟಿನ ಅಥವಾ ಹಂಚಿನ ಮಾಡು, ಬಟ್ಟೆ ಒಣಗಿಸಲು ಬಚ್ಚಲ ಒಲೆಯ ಮೇಲೊಂದು ಹಗ್ಗ. ನಮ್ಮ ಹಾಸ್ಟೆಲಿನ ಮಾಳಿಗೆ ಬೋಳಾಗಿತ್ತು. ನೀರು ಚಾವಣಿಯಲ್ಲಿ ಜಿನುಗಿ, ಗೋಡೆಯುದ್ದಕ್ಕೂ ಇಳಿದು, ಬಳಿದ ಸುಣ್ಣವೆಲ್ಲ ಹಕ್ಕಳೆಯಾಗಿ ಉದುರಿತು. ಹಾಸಿಗೆಯ ಅಡಿಗೂ ಚಪ್ಪಲಿಗೂ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯಿತು. ಮೋಡ ಕವಿದ ಮೇಲೆ ಸೋಲಾರಿನಿಂದ ಬಿಸಿನೀರು ಬರುವುದಾದರೂ ಹೇಗೆ? ಒಗೆದ ಬಟ್ಟೆ ದಿನಗಟ್ಟಲೆ ಒಣಗದೆ ಕಮಟು ನಾರುತ್ತಿತ್ತು, ಇಸ್ತ್ರಿ ಪೆಟ್ಟಿಗೆ ಬಳಸಿದರೆ ದಂಡ ಬೀಳುತ್ತಿತ್ತು. ಮರ ಬಿದ್ದು ಕರೆಂಟು ಹೋದಾಗ ಜನರೇಟರ್ ಕಚೇರಿಗಷ್ಟೇ ನಡೆಯುತ್ತಿತ್ತು. ಉಬ್ಬಸವಿದ್ದ ನನ್ನ ಕೋಣೆಯ ಹುಡುಗಿ ರಾತ್ರಿಯೆಲ್ಲ ಎದ್ದು ಕೂತಿರುತ್ತಿದ್ದಳು. ವಾರ್ಡನ್ ಮೇಡಂ ಅವರಿಗೆ ಹೇಳಿದರೆ, "ಮಲೆನಾಡು ಅಂದ್ರೆ ಹಿಂಗೇ, ಅಭ್ಯಾಸ ಮಾಡ್ಕೊಳ್ಳಿ" ಎನ್ನುತ್ತಿದ್ದರು.

ಇಷ್ಟಾದರೂ ಸಹಿಸಿಕೊಳ್ಳಬಹುದಿತ್ತೇನೋ. ಆದರೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಹಂಚಿಕೆಯಲ್ಲಿ ನನಗೆ ಕೃಷಿ ಪದವಿಯ ಸೀಟು ದೊರೆತು, ಮೂಲ ದಾಖಲೆಗಳೊಂದಿಗೆ ಹಾಜರಾಗಲು ಕೆಲವೇ ದಿನ ಉಳಿದಿದ್ದಾಗ, ಉಳಿದ ಎಲ್ಲ ವರ್ಷಗಳ ಶುಲ್ಕವನ್ನೂ ಕಟ್ಟಿ ದಾಖಲೆ ಒಯ್ಯಿರಿ ಎಂದು ಕಚೇರಿಯಲ್ಲಿ ಹೇಳಿದರು. ಪ್ರಾಂಶುಪಾಲರು ಆಡಳಿತ ಮಂಡಳಿಯತ್ತ ಕೈ ತೋರಿಸಿದರು, ಮಂಡಳಿಯವರು ಊರಿನಲ್ಲಿಲ್ಲ ಎಂದಾಯಿತು. ಸೀಟು ಕೈತಪ್ಪಿತು.

ಇದಕ್ಕೆ ನಿಯಮದ ಆಧಾರವೇ ಇಲ್ಲ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, ವಿಶ್ವವಿದ್ಯಾಲಯವಾಗಲಿ ಸಂಯೋಜಿತ ಕಾಲೇಜಾಗಲಿ ಮೂಲ ಅಂಕಪಟ್ಟಿಗಳನ್ನು ಪ್ರವೇಶದ ವೇಳೆ ನೋಡಿ, ವಿದ್ಯಾರ್ಥಿಯೇ ದೃಢೀಕರಿಸಿದ ನಕಲುಗಳನ್ನು ಇಟ್ಟುಕೊಂಡು, ಮೂಲವನ್ನು ಕೂಡಲೇ ಹಿಂದಿರುಗಿಸಬೇಕು. ಓದಲಿರುವ ಸೆಮಿಸ್ಟರ್ ಅಥವಾ ವರ್ಷದ ಶುಲ್ಕವನ್ನಷ್ಟೇ ಮುಂಗಡವಾಗಿ ಪಡೆಯಬಹುದು. ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಸಂಸ್ಕರಣಾ ವೆಚ್ಚ ಕಳೆದು ಪೂರ್ಣ ಶುಲ್ಕ, ಆ ಬಳಿಕ ಕೊನೆಯ ದಿನಾಂಕದೊಳಗೆ ಬಿಟ್ಟರೆ ಶೇ 90, ಅದು ಕಳೆದ 15 ದಿನಗಳೊಳಗಾದರೆ ಶೇ 80, 30 ದಿನಗಳೊಳಗಾದರೆ ಶೇ 50 ಮರಳಿ ಸಿಗಬೇಕು. ವರ್ಗಾವಣೆ ಪತ್ರದ (ಟಿ.ಸಿ.) ಮಾತು ಬೇರೆ, ಅದು ಸಾಮಾನ್ಯವಾಗಿ ಸೇರಿದ ಕಾಲೇಜಿನಲ್ಲೇ ಉಳಿಯುತ್ತದೆ. ಈ ವ್ಯತ್ಯಾಸವನ್ನೇ ಮರೆಮಾಚಿ, ಟಿ.ಸಿ.ಯ ಜೊತೆಗೆ ಎಲ್ಲವನ್ನೂ ಒಂದೇ ಕಡತಕ್ಕೆ ಸೇರಿಸುತ್ತಾರೆ.

ಬಾಯಿಮಾತಿನ ಜಗಳದಿಂದ ನಮಗೆ ಏನೂ ಸಿಗಲಿಲ್ಲ. ಅಧಿಸೂಚನೆಯನ್ನು ಉಲ್ಲೇಖಿಸಿ ಪ್ರಾಂಶುಪಾಲರಿಗೆ ಪತ್ರ ಬರೆದು, ವಿಶ್ವವಿದ್ಯಾಲಯದ ಕುಲಸಚಿವರಿಗೆ ಅದರ ಪ್ರತಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ ಮೇಲೆ ದಾಖಲೆಗಳು ಬಂದವು, ಹಾಸ್ಟೆಲಿನ ಹಣ ಬರಲಿಲ್ಲ. ಯುಜಿಸಿಯ 2023ರ ನಿಯಮಾವಳಿಯಂತೆ ಪ್ರತಿ ಕಾಲೇಜಿಗೂ ವಿದ್ಯಾರ್ಥಿ ಕುಂದುಕೊರತೆ ಸಮಿತಿಯಿರಬೇಕು. ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ ವಿದ್ಯಾರ್ಥಿಗಳ ಮೇಲ್ಮನವಿ ವಿಚಾರಿಸುವ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿ ಸಲ್ಲಿಸಬಹುದು. ಪ್ರವೇಶಕ್ಕೆ ಹೋದಾಗಲೇ ಆ ಸಮಿತಿಯಲ್ಲಿ ಯಾರಿದ್ದಾರೆಂದು ಕೇಳಿ. ಉತ್ತರ ಕೊಡಲು ಕಚೇರಿಯವರು ತಡವರಿಸುವ ರೀತಿಯಲ್ಲೇ ಬಹಳಷ್ಟು ತಿಳಿಯುತ್ತದೆ.

ಕೋಣೆ ನೋಡುವಾಗ ಹೊಸ ಸುಣ್ಣಕ್ಕೆ ಮರುಳಾಗದೆ ಗೋಡೆ ಕಪಾಟಿನ ಬಾಗಿಲು ತೆರೆದು ಮೂಸಿ ನೋಡಿ, ಮಾಳಿಗೆ ಹತ್ತಿ ಮೇಲೆ ಮಾಡು ಇದೆಯೇ ನೋಡಿ, ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತೀರಿ ಎಂದು ಕಚೇರಿಯವರನ್ನಲ್ಲ, ಎರಡನೆಯ ವರ್ಷದ ಹುಡುಗಿಯರನ್ನು ಕೇಳಿ. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಾಗಿದ್ದರೆ ಸರ್ಕಾರದ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಬಿಸಿಎಂ ಹಾಸ್ಟೆಲಿಗೆ ಅರ್ಜಿ ಹಾಕಿ. ಅಲ್ಲಿ ಸ್ಥಳ ಸಿಗದಿದ್ದರೆ, ಅರ್ಹರಿಗೆ ವಿದ್ಯಾಸಿರಿ ಯೋಜನೆಯಲ್ಲಿ ವರ್ಷಕ್ಕೆ 10 ತಿಂಗಳು ಊಟ-ವಸತಿಗೆ ನೆರವಿನ ಹಣ ದೊರೆಯುತ್ತದೆ. ಆ ಹಣಕ್ಕೆ ಸ್ವಲ್ಪ ಕೈಯಿಂದ ಸೇರಿಸಿ ಮೂವರು ನಾಲ್ವರು ಕೂಡಿ ಊರೊಳಗೆ ಹಂಚಿನ ಮನೆಯ ಒಂದು ಭಾಗವನ್ನು ಬಾಡಿಗೆಗೆ ಹಿಡಿದ ಸಹಪಾಠಿಗಳು ನನಗೆ ಗೊತ್ತು. ಅವರು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಮನೆ ಬಿಡಬಹುದಿತ್ತು.