ಎದೆಯೊಳಗಿನ ಗುಳ್ಳೆ: ಕಾಯುವುದೋ, ಸೂಜಿಯೋ, ಕೀಹೋಲೋ?

ಚಿಕ್ಕಮಗಳೂರಿನಿಂದ ಒಬ್ಬರು ಕೇಳಿದ್ದಾರೆ: 78ರ ತಾಯಿಗೆ ಎದೆಯಲ್ಲಿ ಸಿಸ್ಟ್ (ನೀರು ತುಂಬಿದ ಗುಳ್ಳೆ) ಇದೆ, ಎದೆ ತೆರೆಯುವ ಆಪರೇಷನ್ ಬಿಟ್ಟು ಬೇರೆ ದಾರಿ ಇದೆಯಾ?

ಇದೆ. ಆದರೆ ಅದು ಯಾವ ಗುಳ್ಳೆ ಅನ್ನುವುದು ಮೊದಲು ಗೊತ್ತಾಗಲಿ. ಅಮ್ಮ ಕಡೂರು, ಅರಸೀಕೆರೆ ಕಡೆ ಕುರಿ, ನಾಯಿಗಳ ನಡುವೆ ಬದುಕಿದವರಾದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಕುರಿ, ನಾಯಿಗಳಲ್ಲಿ ಬದುಕುವ ಒಂದು ಹುಳುವಿನಿಂದ ಹೈಡಾಟಿಡ್ ಎಂಬ ಗುಳ್ಳೆ ಬರುತ್ತದೆ; ಶ್ವಾಸಕೋಶದಲ್ಲಿ ಅದು ಇದ್ದರೆ ಸಾಮಾನ್ಯವಾಗಿ ಸೂಜಿ ಹಾಕುವುದಿಲ್ಲ. ಒಳಗಿನ ನೀರು ಸೋರಿದರೆ ಜೀವಕ್ಕೇ ಕುತ್ತು ತರುವ ಅಲರ್ಜಿಯಾಗಬಹುದು, ರೋಗವೂ ಹರಡಬಹುದು.

ಹೃದಯದ ಪೊರೆಗೆ ಅಂಟಿಕೊಂಡು, ಯಾವ ತೊಂದರೆಯೂ ಕೊಡದ ಗುಳ್ಳೆಯಾದರೆ ಆಗಾಗ ಎಕೋ ಅಥವಾ ಸ್ಕ್ಯಾನ್ ಮಾಡಿಸಿಕೊಂಡು ಸುಮ್ಮನಿರುವುದೇ ವಾಸಿ. ಖರ್ಚೂ ಕಡಿಮೆ.

ಉಸಿರಾಟಕ್ಕೆ ಒತ್ತುತ್ತಿದ್ದು, ಪೂರ್ತಿ ಅರಿವಳಿಕೆ ತಡೆಯುವ ಶಕ್ತಿ ಇಲ್ಲದಿದ್ದರೆ ಸೂಜಿ. ಆ ಜಾಗವನ್ನಷ್ಟೇ ಮರಗಟ್ಟಿಸಿ, ಸಿಟಿ ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ನೀರು ತೆಗೆಯುತ್ತಾರೆ. ಬೇಗ ಮನೆಗೆ ಬರಬಹುದು. ಆದರೆ ಗುಳ್ಳೆಯ ಗೋಡೆ ಒಳಗೇ ಉಳಿಯುವುದರಿಂದ ಮತ್ತೆ ತುಂಬಿಕೊಳ್ಳಬಹುದು. ಶ್ವಾಸನಾಳದ ಮೂಲಕ ಸೂಜಿ ಹಾಕಿದರೆ ಸೋಂಕಿನ ಭಯವೂ ಉಂಟು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ.

ಕೀಹೋಲ್‌ನಲ್ಲಿ ಸಣ್ಣ ರಂಧ್ರಗಳಿಂದ ಗುಳ್ಳೆಯನ್ನೇ ತೆಗೆಯುವುದರಿಂದ ಮರುಕಳಿಸುವುದು ಕಡಿಮೆ. ನೋವೂ ತೆರೆದ ಆಪರೇಷನ್ನಿನಷ್ಟಿಲ್ಲ. ಆದರೂ ಅದು ಆಪರೇಷನ್ನೇ. ಪೂರ್ತಿ ಅರಿವಳಿಕೆ, ಸಾಮಾನ್ಯವಾಗಿ ಒಂದೇ ಶ್ವಾಸಕೋಶದಲ್ಲಿ ಉಸಿರಾಟ, ಆಮೇಲೆ ಎದೆಗೆ ಟ್ಯೂಬ್. ಮೆಟ್ಟಿಲು ಹತ್ತಿ, ತೋಟ ಸುತ್ತುವ ಅಮ್ಮನಾದರೆ ವಯಸ್ಸೊಂದನ್ನೇ ನೋಡಿ ಇದನ್ನು ತಳ್ಳಿಹಾಕಬೇಡಿ. ಇದಕ್ಕೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೋ, ಇಲ್ಲವೇ ಬೆಂಗಳೂರಿಗೋ ಹೋಗಬೇಕಾಗಬಹುದು; ಆಯುಷ್ಮಾನ್ ಕಾರ್ಡ್ ಅಲ್ಲಿ ನಡೆಯುತ್ತದಾ ಅಂತ ಫೋನ್ ಮಾಡಿ ಕೇಳಿಕೊಂಡೇ ಹೊರಡಿ.