ಮೂರು ಮಳೆಗಾಲ ಕಂಡ ಸ್ಟ್ರಾಲರ್

ಬಾಕ್ಸ್ ಓಪನ್ ಮಾಡಿದ ದಿನಾನೇ ಐದು ಸ್ಟಾರ್ ಕೊಟ್ಟು ಬರೆಯೋ ರಿವ್ಯೂ ಅಲ್ಲ ಇದು. ಮಗಳಿಗೆ 6 ತಿಂಗಳಾದಾಗ ತಗೊಂಡಿದ್ದು, ಈಗ ಅವ್ಳಿಗೆ ಮೂರೂವರೆ ವರ್ಷ. ಕೊಟ್ಟಿದ್ದು 6,800 ರೂಪಾಯಿ, ಗಾಡಿ ತೂಕ ಏಳೂವರೆ ಕೆಜಿ, ಮಗು 15 ಕೆಜಿ ಆಗೋ ತನಕ ಕೂರಿಸ್ಬಹುದು ಅಂತ ಅದ್ರ ಜೊತೆ ಬಂದ ಪುಸ್ತಕದಲ್ಲಿದೆ. ಬ್ರ್ಯಾಂಡ್ ಹೆಸರು ಬೇಡ ಬಿಡಿ, ಈ ರೇಟಿಗೆ ಸಿಗೋವೆಲ್ಲ ಹೆಚ್ಚುಕಮ್ಮಿ ಒಂದೇ ಥರ.

ತಗೊಳ್ಳೋವಾಗ ನಮ್ಮತ್ತೆ "ಶಿವಮೊಗ್ಗದ ಫುಟ್‌ಪಾತಲ್ಲಿ ಮನುಷ್ರೇ ನಡೆಯೋಕಾಗಲ್ಲ, ನೀನು ಗಾಡಿ ಎಲ್ಲಿ ತಳ್ತೀಯೇ" ಅಂದಿದ್ರು. ನಂಗೂ ಇದ್ದಿದ್ದು ಅದೇ ಭಯ, ರಸ್ತೆ ಗುಂಡಿಗೆ ಚಕ್ರ ಕಿತ್ಕೊಂಡು ಹೋಗತ್ತೆ ಅಂತ. ಆದ್ರೆ ರಸ್ತೆ ಏನೂ ಮಾಡ್ಲಿಲ್ಲ ಮಾರಾಯ್ರೆ. ವಿನೋಬನಗರದ ಒಳರಸ್ತೆಗಳಲ್ಲಿ ಬೆಳಿಗ್ಗೆ ಹೊತ್ತು ಆರಾಮಾಗಿ ತಳ್ಳಬಹುದು, ಗಾಂಧಿ ಪಾರ್ಕು, ಹಳೇ ಜೈಲಿನ ಜಾಗದ ಫ್ರೀಡಂ ಪಾರ್ಕು ಎರಡೂ ಕಡೆ ತೊಂದ್ರೆ ಇಲ್ಲ, ಅಂಗಡಿ ಸಾಲಿನ ದುರ್ಗಿಗುಡಿಗೆ ಸಂಜೆ ಮಾತ್ರ ತಗೊಂಡು ಹೋಗ್ಬೇಡಿ, ಅರ್ಧ ದಾರಿ ಮಗು ಸಮೇತ ಎತ್ಕೊಂಡೇ ಹೋಗ್ಬೇಕಾಗತ್ತೆ. ಹಂಪ್, ಚರಂಡಿ ಕಲ್ಲು ಬಂದಾಗ ಮುಂದಕ್ಕೆ ನೂಕಬಾರ್ದು, ಮುಂದಿನ ಚಕ್ರ ಚಿಕ್ಕದು, ಸಿಕ್ಕಾಕೊಂಡು ಮಗು ಮುಗ್ಗರಿಸತ್ತೆ. ಗಾಡಿ ತಿರುಗಿಸಿ ಹಿಂದಿನ ಚಕ್ರ ಮೊದ್ಲು ಹತ್ತೋ ಹಾಗೆ ಎಳ್ಕೋಬೇಕು. ಸಕ್ರೆಬೈಲು ಆನೆ ಬಿಡಾರದಲ್ಲಿ ಆನೆ ಸ್ನಾನ ತೋರ್ಸೋಣ ಅಂತ ಹೋದಾಗ ಹೊಳೆ ದಡದ ಕೆಸರಲ್ಲಿ ಹೂತ್ಕೊಂಡಿತ್ತು, ಯಜಮಾನ್ರು ಮಗೂನ ಹೆಗಲ ಮೇಲೆ ಕೂರಿಸ್ಕೊಂಡ್ರು, ನಾನು ಖಾಲಿ ಗಾಡಿ ಎಳ್ಕೊಂಡು ಬಂದೆ. ಅಲ್ಲಿಗೆಲ್ಲ ಇದು ಬೇಡ.

ನಮ್ಮ ತವರು ತೀರ್ಥಹಳ್ಳಿ ಹತ್ರ. ಅಲ್ಲಂತೂ ಈ ಗಾಡಿಗೆ ಕೆಲ್ಸನೇ ಇಲ್ಲ. ಅಂಗಳದ ತುಂಬ ಅಡಿಕೆ ಹರವಿರ್ತಾರೆ, ಮನೆ ಹತ್ತೋಕೆ ಜಂಬಿಟ್ಟಿಗೆ ಮೆಟ್ಟಿಲು, ಅಪ್ಪ ಒಂದು ಅಡಿಕೆ ಹಾಳೆ ತಂದು ಮೊಮ್ಮಗಳನ್ನ ಅದ್ರ ಮೇಲೆ ಕೂರಿಸಿ ತುದಿ ಹಿಡಿದು ದರದರ ಎಳ್ಕೊಂಡು ಹೋದ್ರೆ ಅವ್ಳ ನಗು ನಿಲ್ತಾನೇ ಇರ್ಲಿಲ್ಲ. 6,800ರ ಗಾಡಿ ಜಗಲೀಲಿ, ಅಮ್ಮ ಅದ್ರ ಮೇಲೆ ಬೈರಾಸ ಒಣಗಿಸ್ತಿದ್ರು.

ಗಾಡಿ ಹಾಳಾಗಿದ್ದು ಮೊದಲ್ನೇ ಮಳೆಗಾಲದಲ್ಲಿ, ಅದೂ ಉಪಯೋಗ್ಸಿ ಅಲ್ಲ, ಸುಮ್ನೆ ಇಟ್ಟು. ಆರಿದ್ರಾ ಮಳೆ ಹಿಡಿದ ಮೇಲೆ ಹೊರಗೆ ಹೋಗೋದೇ ಇಲ್ವಲ್ಲ ಅಂತ ಚೆನ್ನಾಗಿ ಒರೆಸಿ ಮಡಚಿ, ಧೂಳು ಕೂರಬಾರ್ದು ಅಂತ ದೊಡ್ಡ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಶಿವಮೊಗ್ಗದ ಮನೇಲಿ ಲಾಫ್ಟ್ ಮೇಲೆ ಹಾಕಿದೆ. ನನ್ನ ಬುದ್ಧಿವಂತಿಕೆ. ನವರಾತ್ರಿ ಹೊತ್ತಿಗೆ ಇಳಿಸಿ ಕವರ್ ಬಿಚ್ಚಿದ್ರೆ ಮುಗ್ಗಲು ವಾಸ್ನೆ, ಸೀಟಿನ ಮಡಿಕೆ ತುಂಬ ಬೂದು ಬಣ್ಣದ ಬೂಷ್ಟು, ಸೊಂಟಕ್ಕೆ ಹಾಕೋ ಬೆಲ್ಟಿನ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ. ಸ್ವಲ್ಪ ತೇವ ಒಳಗೇ ಉಳಿದಿತ್ತು ಅನ್ಸತ್ತೆ, ಪ್ಲಾಸ್ಟಿಕ್ ಅದನ್ನ ಹೊರಗೆ ಹೋಗೋಕೆ ಬಿಡ್ಲಿಲ್ಲ.

ಬಟ್ಟೆ ಬಿಚ್ಚಿ ಬಿಸಿಲಲ್ಲಿ ಅಂಗಳದಲ್ಲೇ ಒಣ ಬ್ರಷ್‌ನಿಂದ ಉಜ್ಜಿದೆ (ಒಳಗೆ ಉಜ್ಜಿದ್ರೆ ಆ ಪುಡಿ ಮನೆ ತುಂಬ ಹಾರತ್ತೆ), ಆಮೇಲೆ ಬಿಳಿ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಹಚ್ಚಿ ಅರ್ಧ ಗಂಟೆ ಬಿಟ್ಟು, ಬಟ್ಟೆ ಸೋಪಲ್ಲಿ ತೊಳೆದು ಎರಡು ದಿನ ಬಿಸಿಲಿಗೆ. ವಾಸ್ನೆ ಹೋಯ್ತು, ಬೆಲ್ಟಿನ ಚುಕ್ಕಿ ಮಾತ್ರ ಇವತ್ತಿಗೂ ಇದೆ. ಪಕ್ಕದ್ಮನೆ ಆಂಟಿ ಬ್ಲೀಚ್ ಹಾಕು ಅಂದ್ರು, ಬೆಲ್ಟಿಗೆ ಬ್ಲೀಚ್ ಹಾಕಬೇಡಿ ದಯವಿಟ್ಟು, ನೂಲು ಶಕ್ತಿ ಕಳ್ಕೊಳ್ಳತ್ತೆ, ಮಗೂನ ಹಿಡಿದಿರೋದೇ ಆ ಬೆಲ್ಟು. ಮುಂದಿನ ಎರಡು ಮಳೆಗಾಲ ಮಡಚಲೇ ಇಲ್ಲ, ಹಾಲಲ್ಲಿ ಬಿಚ್ಚೇ ಇಟ್ಟು ಮೇಲೆ ಹಳೇ ಕಾಟನ್ ಸೀರೆ ಹೊದಿಸಿದೆ, ಪುಷ್ಯ ಮಳೇಲಿ ಮಧ್ಯ ಮಧ್ಯ ಬಿಸಿಲು ಬಂದ್ರೆ ಒಂದ್ಗಂಟೆ ಹೊರಗೆ. ಜಾಗ ತಿನ್ನತ್ತೆ, ಅತ್ತೆ ಎರಡು ಸಲ ಎಡವಿದ್ರು, ಆದ್ರೆ ಬೂಷ್ಟು ಬರ್ಲಿಲ್ಲ.

ಇನ್ನು ಚಕ್ರ. ಒಂದು ವರ್ಷ ಆದ್ಮೇಲೆ ಎಡಗಡೆ ಮುಂದಿನ ಚಕ್ರ ಕುಂಯ್ ಕುಂಯ್ ಅನ್ನೋಕೆ ಶುರು ಮಾಡ್ತು, ಆಮೇಲೆ ಗಾಡಿನೇ ಎಡಕ್ಕೆ ಎಳೀತಿತ್ತು. ಯಜಮಾನ್ರು ತೆಂಗಿನೆಣ್ಣೆ ಬಿಟ್ರು, ಎರಡು ದಿನ ಸುಮ್ನಿತ್ತು, ಆಮೇಲೆ ಎಣ್ಣೆಗೆ ಕೆಮ್ಮಣ್ಣಿನ ಧೂಳು ಅಂಟಿ ಕೆಸರಿನ ಥರ ಆಗಿ ಮೊದ್ಲಿಗಿಂತ ಬಿಗಿ. ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದೆ, ಸ್ಪೇರ್ ಇದೆ ಕಳಿಸ್ತೀವಿ ಮೇಡಂ ಅಂದವ್ರು ಇವತ್ತಿಗೂ ಕಳಿಸ್ಲಿಲ್ಲ. ಕೊನೆಗೆ ನಮ್ಮ ಬೀದಿ ಸೈಕಲ್ ಶಾಪಿನವರು ಕ್ಲಿಪ್ ಒತ್ತಿ ಚಕ್ರ ಕಳಚಿ ತೋರಿಸಿದ್ರು, ಒಳಗೆ ಅಚ್ಚಿಗೆ ಉದ್ದುದ್ದ ಕೂದ್ಲು ಸುತ್ಕೊಂಡು ಹಗ್ಗದ ಥರ ಆಗಿತ್ತು, ಎಲ್ಲ ನಂದೇ! ಬ್ಲೇಡಲ್ಲಿ ಕತ್ತರಿಸಿ ಚಿಮಟದಲ್ಲಿ ಎಳೆದು, ಒಂದು ವಾಷರ್ ಹಾಕಿ ಇಪ್ಪತ್ತು ರೂಪಾಯಿ ತಗೊಂಡ್ರು. "ಎಣ್ಣೆ ಗ್ರೀಸು ಏನೂ ಹಾಕ್ಬೇಡಿ ಅಕ್ಕ, ಸಿಲಿಕೋನ್ ಸ್ಪ್ರೇ ಹೊಡೀರಿ, ಅದಕ್ಕೆ ಧೂಳು ಅಷ್ಟು ಅಂಟಲ್ಲ" ಅಂದ್ರು. ಅವತ್ತಿಂದ ಎರಡು ತಿಂಗಳಿಗೊಮ್ಮೆ ನಾನೇ ಮಾಡ್ಕೋತೀನಿ, ಹತ್ತು ನಿಮಿಷದ ಕೆಲ್ಸ.

ಮಡಚೋವಾಗ ಮಗು ಪಕ್ಕದಲ್ಲಿ ಇರ್ಬಾರ್ದು. 2009ರಲ್ಲಿ ಅಮೆರಿಕದಲ್ಲಿ ಒಂದು ಕಂಪನಿ ಸುಮಾರು 10 ಲಕ್ಷ ಸ್ಟ್ರಾಲರ್‌ಗಳನ್ನ ರೀಕಾಲ್ ಮಾಡಿತ್ತು, ಮಡಚೋ ಕೀಲಿಗೆ ಸಿಕ್ಕಿ ಮಕ್ಕಳ ಬೆರಳ ತುದಿ ತುಂಡಾಗ್ತಿತ್ತು ಅಂತ. ಆ ಕಂಪನಿ ಶುರು ಮಾಡಿದ, ಛತ್ರಿ ಥರ ಮಡಚೋ ಸ್ಟ್ರಾಲರ್ ಮಾಡಿದ ಓವೆನ್ ಮ್ಯಾಕ್ಲಾರೆನ್ ಅನ್ನೋರು ಮೊದ್ಲು ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರದ ಭಾಗ ಡಿಸೈನ್ ಮಾಡ್ತಿದ್ದವ್ರು, ಇದನ್ನ ಓದಿದ್ಮೇಲೆ ಆ ಖಟ್ ಅನ್ನೋ ಲಾಕ್ ಸೌಂಡಿಗೆ ನಂಗೆ ಒಂಥರ ಗೌರವಾನೇ ಬಂತು.

ಹ್ಯಾಂಡಲ್‌ಗೆ ತರಕಾರಿ ಚೀಲ ನೇತಾಕಬೇಡಿ. ನಾನು ಎರಡು ಕೆಜಿ ಟೊಮೇಟೊ ನೇತಾಕಿ ಮಗೂನ ಎತ್ಕೊಂಡ ತಕ್ಷಣ ಗಾಡಿ ಹಿಂದಕ್ಕೆ ಮಗುಚ್ತು, ಪುಣ್ಯಕ್ಕೆ ಮಗು ನನ್ನ ಕೈಲಿತ್ತು, ಟೊಮೇಟೊ ಸಾರಾಯ್ತು. ಬಿಸಿಲು ಅಂತ ಮುಂದೆ ಪೂರ್ತಿ ಬಟ್ಟೆ ಮುಚ್ಚೋದೂ ತಪ್ಪು, ಒಳಗೆ ಗಾಳಿ ಆಡದೆ ಶೆಖೆ ಏರತ್ತೆ, ಜೊತೆಗೆ ಬರೋ ಟಾಪ್ ಸಾಕು. ಸೊಳ್ಳೆ ಪರದೆ ಮಾತ್ರ ಬೇರೆ ದುಡ್ಡು ಕೊಟ್ಟಾದ್ರೂ ತಗೊಳ್ಳಿ.

ನಂದು ಐದಕ್ಕೆ ಮೂರೂವರೆ. ಸ್ಪೇರ್ ಪಾರ್ಟ್ ಕಳಿಸಿದ್ದಿದ್ರೆ ನಾಲ್ಕು. ಹಳ್ಳೀಲಿರೋರು ತಗೋಬೇಡಿ, ಟೌನಲ್ಲಿ ದಿನಾ ಪಾರ್ಕಿಗೆ ಹೋಗೋರಾದ್ರೆ ತಗೊಳ್ಳಿ. ನಮ್ಮದು ಮುಂದಿನ ವಾರ ಸಾಗರಕ್ಕೆ ತಂಗಿ ಮನೆಗೆ ಹೋಗ್ತಿದೆ, ಅವ್ಳ ಮಗನಿಗೆ ಈಗ ಏಳು ತಿಂಗಳು. ನಿನ್ನೆ ಫೋನಲ್ಲಿ "ಅಕ್ಕಾ, ಧೂಳು ಕೂರ್ದೆ ಇರೋ ಹಾಗೆ ಚೆನ್ನಾಗಿ ಪ್ಲಾಸ್ಟಿಕ್ ಸುತ್ತಿ ಕಳಿಸೇ" ಅಂದ್ಲು. ಸೀರೆ ಸುತ್ತಿ ಕಳಿಸ್ತೀನಿ ಅಂದಿದೀನಿ.